ವಯಸ್ಸು ಬರೆದುಕೊಡಿ ಡಾಕ್ಟ್ರಮ್ಮ

ಸಕಲೇಶಪುರ ತಾಲ್ಲೂಕಿನ ಆ ಊರಲ್ಲಿ ಅರ್ಧ ಜನ ಹುಟ್ಟಿದ್ದು ಜನವರಿ 1ಕ್ಕೆ. ಇನ್ನರ್ಧ ಜೂನ್ 1ಕ್ಕೆ. ಓಪಿಡಿ ಚೀಟಿಗೆ ಆಧಾರ್ ನೋಡಿ ಬರೆಯುವಾಗ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಅಭ್ಯಾಸ ಆಯ್ತು. ಜೂನ್ 1ರವರು ಶಾಲೆಗೆ ಹೋದವರು. ದಾಖಲಾತಿಗೆ ವಯಸ್ಸು ಸರಿಹೋಗಲಿ ಅಂತ ಮೇಷ್ಟ್ರು ಕೊಟ್ಟ ಹುಟ್ಟಿದ ದಿನ ಅದು. ಜನವರಿ 1ರವರು ಶಾಲೆಯ ಮೆಟ್ಟಿಲು ಹತ್ತದವರು. ಆಧಾರ್ ಕ್ಯಾಂಪಿನಲ್ಲಿ ಕೂತಿದ್ದ ಹುಡುಗ "ಎಷ್ಟಜ್ಜಿ ವಯಸ್ಸು?" ಅಂತ ಕೇಳಿರುತ್ತಾನೆ, ಅಜ್ಜಿ "ಆಗಿರ್ಬೋದು ನಲ್ವತ್ತೈದು" ಅಂದಿರುತ್ತಾರೆ, ಕಂಪ್ಯೂಟರು ಅಷ್ಟನ್ನು ಕಳೆದು ಒಂದು ಇಸವಿ ಹಾಕಿ, ದಿನ ತಿಂಗಳು ಗೊತ್ತಿಲ್ಲದ್ದಕ್ಕೆ 01/01 ಅಂತ ತುಂಬಿಕೊಂಡಿದೆ. ಅಲ್ಲಿಗೆ ಒಬ್ಬರ ವಯಸ್ಸು ಮುಗೀತು. ಲ್ಯಾಮಿನೇಷನ್ ಕೂಡ ಆಯ್ತು.

65 ಅನ್ನೋ ಒಂದು ಸಂಖ್ಯೆ ಇಲ್ಲದಿದ್ದರೆ ಇದು ಬರೀ ತಮಾಷೆಯಾಗಿ ಉಳಿಯುತ್ತಿತ್ತು. ವಯಸ್ಸಾದ ಬಡವರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 2007ರಿಂದ ಇದೆ. ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು, 65 ದಾಟಿರಬೇಕು. ನಾನು ಹೇಳುತ್ತಿರುವುದು 2022ರ ಮಾತು. ಹಿಂದಿನ ವರ್ಷವಷ್ಟೇ ತಿಂಗಳಿಗೆ ಸಾವಿರ ಇದ್ದದ್ದು ಸಾವಿರದ ಇನ್ನೂರು ಆಗಿತ್ತು. ಅರವತ್ತು ದಾಟಿದ ಬಡವರಿಗೆ ಇನ್ನೊಂದು ವೃದ್ಧಾಪ್ಯ ವೇತನ ಇದೆ, ಅದು ಕಡಿಮೆ. ಆಧಾರಿನಲ್ಲಿ ಐವತ್ನಾಲ್ಕು ಅಂತ ಇದ್ದರೆ ಎರಡೂ ಇಲ್ಲ. ಆಗ ಜನ ಬರುವುದು ಸರ್ಕಾರಿ ಆಸ್ಪತ್ರೆಗೆ. ಡಾಕ್ಟ್ರು ನೋಡಿ, ಇವರಿಗೆ ಇಷ್ಟು ವಯಸ್ಸಾಗಿದೆ ಅಂತ ಬರೆದು ಸೀಲ್ ಒತ್ತಿಕೊಟ್ಟರೆ ಅದನ್ನು ಹಿಡಿದು ನಾಡಕಚೇರಿಗೆ ಹೋಗಬಹುದು.

ಆ ಡಾಕ್ಟ್ರು ನಾನು. ಎಂಬಿಬಿಎಸ್ ಮುಗಿಸಿದ ಮೇಲೆ ಒಂದು ವರ್ಷ ಸರ್ಕಾರಿ ಸೇವೆ ಆಗ ಕಡ್ಡಾಯ ಇತ್ತು, ಮಾಡದಿದ್ದರೆ ಲಕ್ಷಗಟ್ಟಲೆ ದಂಡ. ಕೌನ್ಸೆಲಿಂಗಿನಲ್ಲಿ ನನಗೆ ಸಿಕ್ಕಿದ್ದು ಕಾಫಿ ತೋಟಗಳ ಮಧ್ಯದ ಒಂದು ಪಿಎಚ್‌ಸಿ. ನಾನು ಹಾಸನದವಳೇ, ಹಾಗಾಗಿ ಮನೆಯವರಿಗೆ ಸಮಾಧಾನ. ಬ್ಯಾಗಿನಲ್ಲಿ ಪಿಜಿ ನೀಟ್ ಪುಸ್ತಕ ತುಂಬಿಕೊಂಡು ಹೋಗಿದ್ದೆ. ಹಾವು ಕಚ್ಚಿದವರು, ಹೆರಿಗೆ ನೋವಿನವರು, ಆನೆ ಅಟ್ಟಿಸಿಕೊಂಡು ಬಂದು ಬಿದ್ದು ಕೈ ಮುರಿದುಕೊಂಡವರು ಬಂದರೆ ಏನು ಮಾಡಬೇಕು ಅಂತ ಯೋಚನೆ ಮಾಡಿಕೊಂಡೇ ಹೋಗಿದ್ದೆ. ವಯಸ್ಸು ಕೇಳಿಕೊಂಡು ಬರುತ್ತಾರೆ ಅಂತ ಮಾತ್ರ ಹೊಳೆದಿರಲಿಲ್ಲ.

ಮೇಜಿನ ಡ್ರಾಯರಿನಲ್ಲಿ ಒಂದು ಪ್ಯಾಡ್ ಇತ್ತು. ಅಚ್ಚು ಹಾಕಿಸಿದ ಸರ್ಟಿಫಿಕೇಟ್, ಹೆಸರಿಗೆ ಒಂದು ಗೆರೆ, ವಯಸ್ಸಿಗೆ ಒಂದು ಗೆರೆ, ಕೆಳಗೆ ಸಹಿ. ಹರಿದ ಹಾಳೆಗಳ ಕಾರ್ಬನ್ ಪ್ರತಿ ಹಾಗೇ ಇದ್ದವು. ತಿರುವಿ ನೋಡಿದರೆ ಎಲ್ಲರಿಗೂ 66. ಗಂಡಸು ಹೆಂಗಸು ಅನ್ನದೆ, ದಪ್ಪ ಸಣ್ಣ ಅನ್ನದೆ ಅರವತ್ತಾರು. ನಮ್ಮ ಫಾರ್ಮಸಿಸ್ಟ್ ಹಳಬರು, ಅವರನ್ನು ಕೇಳಿದೆ. "65 ಅಂತ ಬರೆದ್ರೆ ಯಾಕೋ ಅನುಮಾನ ಬರುತ್ತೆ ಮೇಡಂ, ಅದಕ್ಕೇ ಒಂದು ಜಾಸ್ತಿ" ಅಂದರು. ಆಮೇಲೆ ನನ್ನ ಮುಖ ನೋಡಿ, "ಹಾಕ್ಕೊಟ್ಬಿಡಿ, ನಿಮ್ಮ ಮನೆ ದುಡ್ಡಾ?" ಅಂತ ಸೇರಿಸಿದರು. ಅವರು ಕೆಟ್ಟವರಲ್ಲ. ರಾತ್ರಿ ಹನ್ನೊಂದಕ್ಕೆ ಯಾರಾದರೂ ಜ್ವರ ಅಂತ ಬಾಗಿಲು ಬಡಿದರೆ ಬೈಯದೆ ಎದ್ದು ಬರುವ ಮನುಷ್ಯ.

ಮೂಳೆ ಏನು ಹೇಳುತ್ತೆ

ಫೊರೆನ್ಸಿಕ್ ಪಾಠದಲ್ಲಿ ವಯಸ್ಸು ಕಂಡುಹಿಡಿಯೋದು ದೊಡ್ಡ ಅಧ್ಯಾಯ. ಪರೀಕ್ಷೆಗೆ ಬಂದೇ ಬರುತ್ತೆ. ಮೊಣಕೈ ಮೂಳೆ ಎಷ್ಟಕ್ಕೆ ಕೂಡಿಕೊಳ್ಳುತ್ತೆ, ಮಣಿಕಟ್ಟು ಎಷ್ಟಕ್ಕೆ, ಸೊಂಟದ ಮೂಳೆಯ ಅಂಚು ಎಷ್ಟಕ್ಕೆ, ಎಲ್ಲ ಬಾಯಿಪಾಠ. ತೊಂದರೆ ಏನಂದರೆ ಅದೆಲ್ಲ ಮುಗಿಯೋದು ಇಪ್ಪತ್ತೈದರ ಆಸುಪಾಸಿಗೆ, ಕೊರಳಿನ ಹತ್ತಿರ ಕಾಲರ್ ಮೂಳೆಯ ತುದಿ ಕೂಡಿಕೊಂಡಲ್ಲಿಗೆ. ಹದಿನಾರೋ ಹದಿನೆಂಟೋ ಅಂತ ಕೋರ್ಟಿಗೆ ಹೇಳಲು ಅದು ಸಾಕು. ಐವತ್ತೆಂಟೋ ಅರವತ್ತಾರೋ ಅಂದರೆ ಎಕ್ಸ್‌ರೇ ಬಾಯಿ ಬಿಡಲ್ಲ. ತಲೆಬುರುಡೆಯ ಹೊಲಿಗೆ ಮುಚ್ಚಿಕೊಳ್ಳೋದನ್ನು ನೋಡಬಹುದು, ಅದನ್ನು ನಂಬಬೇಡಿ ಅಂತ ಅದೇ ಪುಸ್ತಕ ಮುಂದಿನ ಸಾಲಿನಲ್ಲಿ ಹೇಳುತ್ತೆ. ಬೆನ್ನುಮೂಳೆ ಸವೆದಿರೋದು, ಕಣ್ಣಿನ ಕಪ್ಪಿನ ಸುತ್ತ ಬಿಳಿ ಬಳೆ ಬಂದಿರೋದು, ಪೊರೆ, ಉದುರಿದ ಹಲ್ಲು, ಎಲ್ಲ ಸೇರಿಸಿದರೂ ಹತ್ತು ವರ್ಷ ಆಚೀಚೆ. ಹಾಗಾಗಿ ಐವತ್ತು ದಾಟಿದ ಯಾರ ಮೈ ನೋಡಿಯೂ "66" ಅಂತ ಬರೆಯೋದು ವೈದ್ಯಶಾಸ್ತ್ರ ಅಲ್ಲವೇ ಅಲ್ಲ. ಸುಳ್ಳು ಸರ್ಟಿಫಿಕೇಟಿಗೆ ಆಗ ಐಪಿಸಿ 197ನೇ ಸೆಕ್ಷನ್ ಇತ್ತು. ಅದೂ ಪರೀಕ್ಷೆಗೆ ಬರುತ್ತಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ತೋಟದ ಕೆಲಸದವರ ಮೈ ಬೇಗ ಹಳೆಯದಾಗುತ್ತೆ. ಮುಂಗಾರಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಇಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಗಿಡದ ಬುಡದಲ್ಲಿ ಬಗ್ಗಿ, ಕೊಯ್ಲಿನಲ್ಲಿ ಹಣ್ಣಿನ ಮೂಟೆ ತಲೆ ಮೇಲೆ ಹೊತ್ತು ದಿಬ್ಬ ಇಳಿದು ಹತ್ತಿ ಮಾಡಿದವರ ಮಂಡಿ ಐವತ್ತಕ್ಕೇ ಹೋಗಿರುತ್ತೆ. ಅದೇ ಊರಿನ ಸಾಹುಕಾರ್ರು ಎಪ್ಪತ್ತಕ್ಕೆ ಕ್ಲಬ್ಬಿನಲ್ಲಿ ಷಟಲ್ ಆಡುತ್ತಿದ್ದರು, ಬಿಪಿ ನನಗಿಂತ ಚೆನ್ನಾಗಿತ್ತು. ಇಬ್ಬರಿಗೂ 65 ಅಂದರೆ 65. ಮೈ ನೋಡಿ ಬರೆಯೋದಾದರೆ ನಾನು ತೋಟದ ಕೂಲಿಯವರಿರುವ ಲೈನ್ ಮನೆಯವರಿಗೆಲ್ಲ ಕಣ್ಣು ಮುಚ್ಚಿ 66 ಬರೆಯಬಹುದು, ಒಂಥರಾ ನ್ಯಾಯವೇ ಅದು. ಆದರೆ ಅರ್ಜಿ ಕೇಳುತ್ತಿರೋದು ಎಷ್ಟು ಸವೆದಿದ್ದೀರಿ ಅಂತ ಅಲ್ಲ, ಯಾವಾಗ ಹುಟ್ಟಿದಿರಿ ಅಂತ. ಕೇಳದೇ ಇರೋ ಪ್ರಶ್ನೆಗೆ ಉತ್ತರ ಬರೆದು, ಕೇಳಿದ ಪ್ರಶ್ನೆಯ ಉತ್ತರ ಅಂತ ಸಹಿ ಹಾಕೋದು ನನಗೆ ಆಗಲಿಲ್ಲ.

ಹಾಗಂತ ಪ್ಯಾಡ್ ಎತ್ತಿಟ್ಟು "ನಾನು ಬರೆಯಲ್ಲ" ಅಂದರೆ? ಅದೂ ಸುಲಭವೇ. ಸಹಿ ಹಾಕದವರ ಕೈಗೆ ಮಸಿ ಯಾವತ್ತೂ ಹತ್ತಲ್ಲ. ನನ್ನ ಜೊತೆಯವರು ಬೇರೆ ತಾಲ್ಲೂಕಿನಲ್ಲಿ ಹಾಗೇ ಮಾಡುತ್ತಿದ್ದರು, ಬೋರ್ಡೇ ಹಾಕಿಸಿದ್ದರು. ರಾತ್ರಿ ಫೋನಿನಲ್ಲಿ ಮಾತಾಡುವಾಗ ಒಬ್ಬಳು, "ವರ್ಷ ಮುಗಿಸಿ ಹೋಗೋರು ನಾವು, ಯಾಕೆ ತಲೆ ಕೆಡಿಸ್ಕೊಳ್ತೀಯ?" ಅಂದಳು. ನಿಜ. ಆದರೆ ನಾವು ಬರೆಯದಿದ್ದರೆ ತಪ್ಪಾಗಿರೋ ಆಧಾರೇ ಸರಿ ಅಂತ ಒಪ್ಪಿಕೊಂಡ ಹಾಗಾಯ್ತಲ್ವಾ? ಕ್ಯಾಂಪಿನ ಹುಡುಗ ಅರ್ಧ ನಿಮಿಷದಲ್ಲಿ ಹಾಕಿದ ಅಂದಾಜು ಸರ್ಕಾರಿ ಸತ್ಯ. ಐದೂವರೆ ವರ್ಷ ಓದಿದವಳು ಬಾಯಿ ಮುಚ್ಚಿಕೊಂಡು ಕೂತರೆ ಅದು ಪ್ರಾಮಾಣಿಕತೆ. ಇದು ನನಗೆ ಸರಿ ಕಾಣಲಿಲ್ಲ.

ಗಂಡನಿಗಿಂತ ಹದಿನೇಳು ವರ್ಷ ಚಿಕ್ಕವರು

ಆ ಅಜ್ಜಿ ಬಂದದ್ದು ಸಂತೆ ದಿನ. ಓಪಿಡಿ ತುಂಬಿತ್ತು. ನಮ್ಮ ಆಶಾ ಕಾರ್ಯಕರ್ತೆ ಕೈ ಹಿಡಿದುಕೊಂಡು ಬಂದು ಕೂರಿಸಿದರು. ಅಜ್ಜಿ ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಇನ್ನೊಂದು ಕೊಟ್ಟೆ, ಅದರೊಳಗಿಂದ ಕಾಗದಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟರು. ರೇಷನ್ ಕಾರ್ಡು, ತಮ್ಮ ಆಧಾರ್, ಗಂಡನ ಆಧಾರ್, ಮಗನದ್ದು. ಬೆರಳ ತುದಿಗಳು ಎಷ್ಟು ನುಣ್ಣಗಾಗಿದ್ದವು ಅಂದರೆ ರೇಷನ್ ಅಂಗಡಿಯ ಮೆಷಿನ್ನಿಗೆ ಹೆಬ್ಬೆಟ್ಟು ಹತ್ತೋದೇ ಇಲ್ಲವಂತೆ, ಪ್ರತಿ ತಿಂಗಳೂ ಅದೊಂದು ರಗಳೆ.

ಆಧಾರ್ ಪ್ರಕಾರ ಅಜ್ಜಿ ಹುಟ್ಟಿದ್ದು 01/01/1968. ಲಕ್ವ ಹೊಡೆದು ಮಲಗಿದ್ದ ಗಂಡ 1951. ಅಂದರೆ ಹದಿನೇಳು ವರ್ಷ ದೊಡ್ಡವರು. "ಎಲ್ಡು ಮೂರು ವರ್ಷ ದೊಡ್ಡೋರು ಕಣವ್ವ, ಅಷ್ಟೇಯ" ಅಂದರು ಅಜ್ಜಿ. ದೊಡ್ಡ ಮಗ 1977. ಲೆಕ್ಕ ಹಾಕಿದರೆ ಅಜ್ಜಿ ಒಂಬತ್ತನೇ ವಯಸ್ಸಿಗೆ ಹೆತ್ತಿದ್ದಾರೆ. ಮೂರೂ ಕಾರ್ಡುಗಳು ಒಂದೇ ಮನೆಯವು, ಮೂರರ ಮೇಲೂ ಅದೇ ಸರ್ಕಾರದ ಸಿಂಹಗಳು. ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ನಾಡಕಚೇರಿಯಲ್ಲಿ ಅಜ್ಜಿಯ ಒಂದೇ ಕಾರ್ಡು ನೋಡಿ ವಾಪಸ್ ಕಳಿಸಿದ್ದರು.

ನಿಜ ಹೇಳ್ತೀನಿ, ಆವಾಗಲೇ ಪ್ಯಾಡ್ ತೆಗೆದು 66 ಬರೆಯೋಣ ಅನ್ನಿಸಿತು. ಹೊರಗೆ ಕ್ಯೂ ಬೇರೆ ಇತ್ತು. ಆದರೆ ಅದೇ ಕ್ಯೂನಲ್ಲಿ ಪಂಚಾಯ್ತಿ ಮೆಂಬರ್ ಒಬ್ಬರು ಕೂತಿದ್ದರು, ಪಕ್ಕದಲ್ಲಿ ತಮ್ಮ ಕಡೆಯ ಒಬ್ಬರನ್ನು ಕೂರಿಸಿಕೊಂಡಿದ್ದರು. ಇಸ್ತ್ರಿ ಹಾಕಿದ ಷರಟು, ಎರಡೆಕರೆ ಕಾಫಿ, ಮರಕ್ಕೆಲ್ಲ ಮೆಣಸು ಹಬ್ಬಿಸಿದ್ದಾರೆ ಅಂತ ಆಮೇಲೆ ಗೊತ್ತಾಯ್ತು. ಅವರಿಗೂ ವಯಸ್ಸೇ ಬೇಕಾಗಿತ್ತು. ಅಜ್ಜಿಗೆ ಬರೀ ಮುಖ ನೋಡಿ 66 ಬರೆದರೆ ಮುಂದಿನ ಐದು ನಿಮಿಷಕ್ಕೆ ಇವರಿಗೆ ಯಾವ ಬಾಯಲ್ಲಿ ಇಲ್ಲ ಅನ್ನಲಿ? ಮುಖ ನೋಡಿ ಬರೆಯೋದೇ ಪದ್ಧತಿ ಅಂದಮೇಲೆ ಯಾರ ಮುಖ ಅನ್ನೋದಷ್ಟೇ ಉಳಿಯುತ್ತೆ. ಆಗ ಜೋರಿರುವವರ ಮುಖಕ್ಕೆ ವಯಸ್ಸು ತಾನಾಗಿ ಆಗುತ್ತೆ. ಇನ್ನೊಂದು ವಿಷಯವೂ ಇತ್ತು. ಅನರ್ಹರು ಅಂತ ಪಿಂಚಣಿ ನಿಲ್ಲಿಸೋದು ಆಗಾಗ ನಡೆಯುತ್ತೆ. ಆವತ್ತು ಮೊದಲು ಪ್ರಶ್ನೆ ಬರೋದು ಹಿಂದೆ ಮುಂದೆ ಯಾರೂ ಇಲ್ಲದವರಿಗೆ. ನಾನು ಆಗ ಎಲ್ಲೋ ಪಿಜಿ ಮಾಡಿಕೊಂಡು ಇರುತ್ತೇನೆ, ಆಧಾರಿನಲ್ಲಿ 54, ಸರ್ಟಿಫಿಕೇಟಿನಲ್ಲಿ 66, ಮಧ್ಯ ಏನೂ ಇಲ್ಲದ ಕಾಗದ ಹಿಡಿದು ಈ ಅಜ್ಜಿ ನಿಂತಿರುತ್ತಾರೆ.

ಇಬ್ಬರಿಗೂ ಮುಂದಿನ ವಾರ ಬನ್ನಿ ಅಂದೆ. ಮೆಂಬರಿಗೆ ಸಿಟ್ಟು ಬಂತು. ಅಜ್ಜಿ "ಆಯ್ತವ್ವ" ಅಂತ ಕಾಗದಗಳನ್ನು ಮತ್ತೆ ಒಂದೊಂದಾಗಿ ಕೊಟ್ಟೆಯೊಳಗೆ ಹಾಕಿಕೊಂಡರು.

ಯಾವ ಗುರುತಿಗೆ ಒತ್ತಿದ್ರಿ?

ಉಪಾಯ ಸಿಕ್ಕಿದ್ದು ಫೊರೆನ್ಸಿಕ್ ಪುಸ್ತಕದಲ್ಲಿ ಅಲ್ಲ, ಕಮ್ಯುನಿಟಿ ಮೆಡಿಸಿನ್ ಪಾಠದಲ್ಲಿ. ಹಳ್ಳಿಗಳಲ್ಲಿ ಪೌಷ್ಟಿಕತೆ ಸರ್ವೆ ಮಾಡುವಾಗ ಮಗುವಿನ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ, ಆ ಭಾಗದ ಘಟನೆಗಳ ಕ್ಯಾಲೆಂಡರ್ ಒಂದನ್ನು ಮಾಡಿಕೊಂಡು ಹೋಗುತ್ತಾರೆ. ದೀಪಾವಳಿಗೆ ಮುಂಚೆಯೋ ಆಮೇಲೋ, ಜಾತ್ರೆ ಹೊತ್ತಿಗೆ ಕೂರುತ್ತಿತ್ತೋ ನಡೆಯುತ್ತಿತ್ತೋ, ಹಾಗೆ ಕೇಳಿ ತಿಂಗಳು ಹಿಡಿಯೋದು. ಮಕ್ಕಳಿಗೆ ಮಾಡೋದನ್ನು ಅಜ್ಜಿಯರಿಗೆ ಯಾಕೆ ಮಾಡಬಾರದು? ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇಟ್ಟುಕೊಂಡೆ. ಗಾಂಧಿ ತೀರಿಕೊಂಡದ್ದು 1948. ನೆಹರು 1964. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973. ಎಮರ್ಜೆನ್ಸಿ 1975. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತದ್ದು 1978ರ ನವೆಂಬರ್. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979, ಘಾಟಿಯಲ್ಲಿ ಮಂಗಳೂರಿಗೆ ರೈಲು ಓಡಿದ್ದೂ 1979. ಈ ಪಟ್ಟಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇಂದಿರಮ್ಮ. ಮಲೆನಾಡಿನ ಆ ವಯಸ್ಸಿನ ಹೆಂಗಸರಿಗೆ ತಮ್ಮ ಮದುವೆಯ ಇಸವಿ ಗೊತ್ತಿಲ್ಲದೇ ಇರಬಹುದು, ಆ ಚುನಾವಣೆಯಲ್ಲಿ ತಾವು ಎಲ್ಲಿ ನಿಂತು ನೋಡಿದ್ದು ಅಂತ ಗೊತ್ತಿರುತ್ತೆ.

ಅಜ್ಜಿ ಮತ್ತೆ ಬಂದಾಗ ಮಧ್ಯಾಹ್ನ ಓಪಿಡಿ ಮುಗಿದಿತ್ತು. ಟೀ ಕುಡಿಯುತ್ತಾ ಕೂತೆವು. ದೊಡ್ಡ ಮಗ ಹುಟ್ಟಿದಾಗ ಎಲ್ಲಿದ್ದಿರಿ ಅಂತ ಕೇಳಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ, ಗೋಣಿಬೀಡಿನ ಹತ್ತಿರದ ತೋಟದ ಲೈನಿನಲ್ಲಿ.

"ಇಂದ್ರಮ್ಮ ಬಂದಾಗ ದೊಡ್ಡೋನು ಇನ್ನೂ ಹಾಲು ಬಿಟ್ಟಿರ್ಲಿಲ್ಲ ಕಣವ್ವ. ಎತ್ಕಂಡೇ ಹೋಗಿದ್ದೆ ಓಟಿಗೆ."

"ಓಟು ಹಾಕೋಕೆ ಹೋಗಿದ್ರಾ, ನೋಡೋಕೆ ಹೋಗಿದ್ರಾ?"

"ಹಾಕಕ್ಕೆ. ಲಾರೀಲಿ ಕರ್ಕಂಡ್ ಹೋಗಿದ್ರಲ್ಲ. ಮಗೀನ ಇವ್ರ ಕೈಗೆ ಕೊಟ್ಟು ಒಳಗೋದೆ."

"ಯಾವ ಗುರುತಿಗೆ ಒತ್ತಿದ್ರಿ ಅಜ್ಜಿ?"

ಅಜ್ಜಿ ಏನೂ ಹೇಳದೆ ಬಲಗೈ ಎತ್ತಿ ಅಂಗೈ ತೋರಿಸಿದರು. ಪಕ್ಕದಲ್ಲಿದ್ದ ಸಿಸ್ಟರ್ ಜೋರಾಗಿ ನಕ್ಕರು. ಅಜ್ಜಿಯೂ ನಕ್ಕರು, ಆಮೇಲೆ "ಯಾರ್ಗೂ ಯೋಳ್ಬೇಡ, ಸಾಹುಕಾರ್ರು ಬೇರೇರ್ಗೆ ಹಾಕಿ ಅಂದಿದ್ರು" ಅಂದರು. ನಲವತ್ತನಾಲ್ಕು ವರ್ಷ ಕಳೆದರೂ ಗುಟ್ಟು ಗುಟ್ಟೇ.

ನನಗೆ ತಲೆಯೊಳಗೆ ಏನೋ ಟಕ್ ಅಂದದ್ದು ಟೀ ಲೋಟ ಕೆಳಗಿಟ್ಟಾಗ. ಈಗ ಓಟಿನ ವಯಸ್ಸು ಹದಿನೆಂಟು. ಅದು ಆದದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ. ಅದಕ್ಕೆ ಮುಂಚೆ ಇಪ್ಪತ್ತೊಂದು. 1978ರ ಪಟ್ಟಿಯಲ್ಲಿ ಇವರ ಹೆಸರಿತ್ತು ಅಂದರೆ ಆ ವರ್ಷದ ಜನವರಿಗೆ ಇವರಿಗೆ 21 ತುಂಬಿರಬೇಕು. ಹುಟ್ಟಿದ್ದು 1957ರ ನಂತರ ಅಲ್ಲ. 2022ಕ್ಕೆ 65.

ಖುಷಿ ಒಂದು ರಾತ್ರಿ ಇತ್ತು. ಬೆಳಿಗ್ಗೆ ನಾನೇ ಅದಕ್ಕೆ ಕಲ್ಲು ಹಾಕಿಕೊಂಡೆ. ಆಗ ಪಟ್ಟಿಗೆ ಹೆಸರು ಸೇರಿಸುವಾಗ ವಯಸ್ಸು ಯಾರು ನೋಡಿರುತ್ತಾರೆ? ಅಜ್ಜಿಯನ್ನೇ ಕೇಳಿದರೆ "ರೈಟ್ರು ಬರ್ಸಿದ್ರು" ಅಂದರು. ಕೂಲಿ ಲೆಕ್ಕ ಬರೆಯುವ ತೋಟದ ರೈಟರು ಲೈನಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮದುವೆಯಾದ ಹೆಂಗಸು ಅಂದರೆ ಇಪ್ಪತ್ತೊಂದು ಅಂತ ಬರೆಸಿರಬಹುದು. ಅಂದರೆ ಮತ್ತೆ ಒಂದು ಅಂದಾಜಿನ ಮೇಲೆ ಇನ್ನೊಂದು ಅಂದಾಜು.

ಆಶಾ ಅವರಿಗೆ ಗೋಣಿಬೀಡಿನ ಕಡೆ ನೆಂಟರಿದ್ದರು. ಆ ತೋಟದಲ್ಲಿ ಕೆಲಸ ಮಾಡಿ ರಿಟೈರ್ ಆದ ರೈಟರ್ ಇನ್ನೂ ಇದ್ದಾರೆ ಅಂತ ಗೊತ್ತಾಯ್ತು. ಒಂದು ಭಾನುವಾರ ಆಶಾ ಅವರ ಯಜಮಾನರ ಜೀಪಿನಲ್ಲಿ ಹೋದೆವು. ಇದೆಲ್ಲ ಡಾಕ್ಟ್ರ ಕೆಲಸ ಅಲ್ಲ ಅಂತ ನನಗೂ ಗೊತ್ತು, ಆದರೆ ಅಷ್ಟು ಹೊತ್ತಿಗೆ ಹಟ ಹಿಡಿದಿತ್ತು. ತೋಟ ಕೈ ಬದಲಾಗಿ ಹಳೆಯ ಪುಸ್ತಕಗಳೆಲ್ಲ ಗೆದ್ದಲಿಗೆ ಹೋಗಿದ್ದವು. ಯಾವುದೋ ಕೂಲಿ ತಕರಾರಿಗೆ ಅಂತ ರೈಟರ್ ಮನೆಗೆ ತಂದಿಟ್ಟುಕೊಂಡಿದ್ದ ಎರಡು ಚೆಕ್‌ರೋಲ್ ಪುಸ್ತಕ, ಅಂದರೆ ಆಳುಗಳ ಹಾಜರಿ ಮತ್ತು ಕೂಲಿ ಲೆಕ್ಕದ ಪುಸ್ತಕ, ಮಾತ್ರ ಅಟ್ಟದಲ್ಲಿ ಉಳಿದಿದ್ದವು. ಅಟ್ಟದಿಂದ ಇಳಿಸಿ ಬಟ್ಟೆಯಲ್ಲಿ ಧೂಳು ಕೊಡವಿದರು. ನೀಲಿ ಶಾಯಿ, ಚಂದದ ಅಕ್ಷರ. ಗಂಡಾಳು, ಹೆಣ್ಣಾಳು, ಮಕ್ಕಳು ಅಂತ ಬೇರೆ ಬೇರೆ ಪಟ್ಟಿ, ಕೂಲಿಯೂ ಬೇರೆ ಬೇರೆ. 1974ರ ಪುಸ್ತಕದಲ್ಲಿ ಹೆಣ್ಣಾಳುಗಳ ಪಟ್ಟಿಯಲ್ಲಿ ಅಜ್ಜಿಯ ಹೆಸರು ಸಿಕ್ಕಿತು, ಪೂರ್ತಿ ಕೂಲಿ. ಆರು ವರ್ಷದ ಮಗುವಿಗೆ ಯಾರೂ ಪೂರ್ತಿ ಕೂಲಿ ಕೊಡಲ್ಲ. ಅಷ್ಟರಲ್ಲಿ ಆಶಾ ಬೆರಳಿಟ್ಟು ತೋರಿಸಿದರು, ನಾಲ್ಕು ಸಾಲು ಕೆಳಗೆ ಅದೇ ಹೆಸರು ಇನ್ನೊಂದು ಸಲ. ರೈಟರ್ ಕನ್ನಡಕ ಸರಿಮಾಡಿಕೊಂಡು, "ಹೌದು, ಇಬ್ರು ಇದ್ರು. ಒಬ್ಳು ಕರಿಯೋಳು, ಒಬ್ಳು ಕೆಂಪೋಳು" ಅಂದರು. ನಮ್ಮ ಅಜ್ಜಿ ಯಾವುದು? ಅವರಿಗೂ ನೆನಪಿಲ್ಲ. ಆದರೂ ಮಕ್ಕಳ ಪಟ್ಟಿಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ, ಹಾಗಾಗಿ ಎರಡರಲ್ಲಿ ಯಾವುದಾದರೂ ಸರಿ.

ಒಂದು ನಂಬರ್ ಬೇಕು ಮೇಡಂ

ಅಚ್ಚಿನ ಪ್ಯಾಡ್ ಬಿಟ್ಟು ಬಿಳಿ ಹಾಳೆಯಲ್ಲಿ ಬರೆದೆ. ಪರೀಕ್ಷೆ ಮಾಡಿದಾಗ ಕಂಡದ್ದು ಇಷ್ಟು, ಅದು ಅರವತ್ತು ದಾಟಿದವರಲ್ಲಿ ಕಾಣುವಂಥದ್ದು, ಮೈ ನೋಡಿ ಇದಕ್ಕಿಂತ ನಿಖರವಾಗಿ ಹೇಳಲು ಆಗುವುದಿಲ್ಲ. ಗಂಡ, ಮಗನ ಆಧಾರ್ ಜೊತೆ ಇವರದ್ದು ಹೊಂದುವುದಿಲ್ಲ, ಒಂಬತ್ತು ವರ್ಷಕ್ಕೆ ತಾಯಿಯಾದರು ಅನ್ನೋದು ನಂಬುವಂಥದ್ದಲ್ಲ. 1974ರ ಕೂಲಿ ಪುಸ್ತಕ, 1978ರ ಓಟು. ಫಾರ್ಮಸಿಸ್ಟ್ ಓದಿ, "ಇದು ಸರ್ಟಿಫಿಕೇಟಾ ಮೇಡಂ, ಕಾದಂಬರಿನಾ?" ಅಂದರು. ನಾಡಕಚೇರಿಯಿಂದ ಎರಡೇ ದಿನಕ್ಕೆ ಅಜ್ಜಿ ವಾಪಸ್ ಬಂದರು. ನಾನು ಫೋನ್ ಮಾಡಿದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ತುಂಬಾ ಮರ್ಯಾದೆಯಿಂದಲೇ ಮಾತಾಡಿದ. "ಎಲ್ಲ ಸರಿ ಇದೆ ಮೇಡಂ. ಆದ್ರೆ ಇಲ್ಲಿ ಒಂದು ಬಾಕ್ಸ್ ಇದೆ, ಅದಕ್ಕೆ ಒಂದು ನಂಬರ್ ಬೇಕು."

ಅಂದರೆ ಮತ್ತೆ ನನ್ನ ಮೇಜಿಗೇ ಬಂತು. ಅಲ್ಲಿಯವರೆಗೆ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು, ಗೊತ್ತಿರೋದನ್ನು ಗೊತ್ತಿರುವಷ್ಟೇ ಬರೆದಿದ್ದೇನೆ ಅಂತ. ಆದರೆ ಹಾಗೆ ಬರೆದು ತೀರ್ಮಾನವನ್ನು ಇನ್ನೊಬ್ಬರ ಮೇಲೆ ಹಾಕೋದು, ಪ್ಯಾಡ್ ಎತ್ತಿಟ್ಟವರು ಮಾಡಿದ್ದಕ್ಕಿಂತ ಎಷ್ಟು ಬೇರೆ? ನಂಬರ್ ಬರೆಯದೇ ಇದ್ದರೆ ಅದು 54 ಆಗಿಯೇ ಉಳಿಯುತ್ತೆ. ಬಾಕ್ಸ್ ಖಾಲಿ ಇರಲ್ಲ.

ನಾನು 65 ಅಂತ ಬರೆದೆ. ಹೀಗೆ ಯೋಚಿಸಿ ಬರೆದೆ: 1978ರಲ್ಲಿ ಇವರ ಓಟು ಬೇಕಿದ್ದಾಗ ಇವರಿಗೆ ಇಪ್ಪತ್ತೊಂದು ಆಗಿದೆ ಅಂತ ಒಪ್ಪಿಕೊಂಡದ್ದು ಸರ್ಕಾರವೇ. ಬೆರಳಿಗೆ ಮಸಿ ಹಚ್ಚಿದ್ದೂ ಸರ್ಕಾರವೇ. ರೈಟರು ಅಂದಾಜಿಗೆ ಬರೆಸಿರಲಿ, ಆವತ್ತು ಯಾರೂ ತಕರಾರು ಮಾಡಲಿಲ್ಲ. ಆ ಲೆಕ್ಕ ಆಗ ನಡೆಯಿತು ಅಂದರೆ ಈಗಲೂ ನಡೆಯಬೇಕು. ಆಗಿನ 21ಕ್ಕೆ 44 ಕೂಡಿಸಿದರೆ ಬರೋದು 65. ಇದು ನನ್ನ ಕರುಣೆಯ ನಂಬರ್ ಅಲ್ಲ, ನನ್ನ ವೈದ್ಯಕೀಯ ನಂಬರೂ ಅಲ್ಲ, ಅವರದ್ದೇ ಲೆಕ್ಕ. ಷರಾ ಅಂತ ಇದ್ದ ಜಾಗದಲ್ಲಿ ಇದನ್ನೇ ಎರಡು ಸಾಲಿನಲ್ಲಿ ಬರೆದೆ, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಅಜ್ಜಿಯ ಬದಲು ಆ ಕಾಗದ ಉತ್ತರ ಹೇಳಲಿ ಅಂತ. ನಿಜವಾಗಿ ಅವರಿಗೆ 63 ಇರಬಹುದು, 68 ಇರಬಹುದು. ಸಹಿ ಹಾಕುವಾಗ ಕೈ ನಡುಗಲಿಲ್ಲ.

ಇಸ್ತ್ರಿ ಷರಟಿನವರಿಗೂ ಅದೇ ಪ್ರಶ್ನೆಗಳನ್ನೇ ಕೇಳಿದೆ. ಮೊದಲ ಓಟು 1983, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ ಸಲ. ಹೈಸ್ಕೂಲು ಓದಿದ್ದರು. ಹಾಗಾದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ತಾರೀಖು ಇದ್ದೇ ಇರುತ್ತೆ, ಅಲ್ಲಿಂದ ಬರೆಸಿಕೊಂಡು ಬನ್ನಿ, ನನ್ನ ಸರ್ಟಿಫಿಕೇಟ್ ನಿಮಗೆ ಬೇಕಿಲ್ಲ ಅಂದೆ. ಅವರು ಮತ್ತೆ ಬರಲಿಲ್ಲ. ಬೇರೆ ಕಡೆಯಿಂದ ಬರೆಸಿಕೊಂಡರು, ಪಿಂಚಣಿ ಅಜ್ಜಿಗಿಂತ ಮುಂಚೆ ಶುರುವಾಯ್ತು. ಮೆಂಬರು ಗ್ರಾಮಸಭೆಯಲ್ಲಿ, ಈ ಡಾಕ್ಟ್ರಮ್ಮ ಬಡವರಿಗೆ ಸರ್ಟಿಫಿಕೇಟ್ ಕೊಡಲ್ಲ ಅಂತ ಮಾತಾಡಿದರಂತೆ. ಅಜ್ಜಿಗೆ ಬರಲು ಕಾಫಿ ಕೊಯ್ಲು ಮುಗಿಯಬೇಕಾಯ್ತು.

ಆದರೆ ನನ್ನನ್ನು ಈಗಲೂ ಕಾಡೋದು ಇವರಿಬ್ಬರೂ ಅಲ್ಲ. ಲೈನ್ ಮನೆಯಲ್ಲಿ ಒಬ್ಬರೇ ಇದ್ದ ಒಬ್ಬ ಅಜ್ಜ. ಎಲ್ಲಿಂದಲೋ ಬಂದು ಎಷ್ಟೋ ತೋಟ ಸುತ್ತಿದವರು. ಮದುವೆ ಇಲ್ಲ, ಮಕ್ಕಳಿಲ್ಲ, ಕಿವಿ ಸರಿಯಾಗಿ ಕೇಳಲ್ಲ. ನನ್ನ ಗಾಜಿನ ಕೆಳಗಿನ ಹಾಳೆಯ ಪ್ರತಿ ಸಾಲನ್ನೂ ಕೂಗಿ ಕೇಳಿದೆ. ರೈಲು? ನೋಡಿದೀನಿ, ಯಾವಾಗಲೋ ಗೊತ್ತಿಲ್ಲ. ಡ್ಯಾಮು? ಗೊತ್ತಿಲ್ಲ. ಓಟು? "ನನ್ನ್ ಹೆಸ್ರು ಯಾರು ಬರಸ್ತಾರೆ?" ನೋಡಿದರೆ ಅಜ್ಜಿಗಿಂತ ಐದಾರು ವರ್ಷ ದೊಡ್ಡವರ ಹಾಗೆ ಕಾಣುತ್ತಿದ್ದರು. ಅವರಿಗೆ ನಾನು "ಅರವತ್ತು ದಾಟಿದೆ" ಅಂತ ಬರೆದೆ. ಅವರಿಗೆ ಸಿಕ್ಕಿದ್ದು ಕಡಿಮೆಯ ಪಿಂಚಣಿ. ನನ್ನ ಪದ್ಧತಿಯ ಪ್ರಕಾರ ಅದೇ ಸರಿ. ಗಂಡ, ಮಗ, ಓಟು, ಕೂಲಿ ಪುಸ್ತಕ, ಇಷ್ಟರ ಪೈಕಿ ಒಂದಾದರೂ ಇದ್ದವರಿಗೆ ಮಾತ್ರ ವಯಸ್ಸಾಗುವ ಪದ್ಧತಿ ಅದು. ಹಳೆಯ ಪ್ಯಾಡಿನ ಕಣ್ಣು ಮುಚ್ಚಿದ 66 ಇದ್ದಿದ್ದರೆ ಈ ಅಜ್ಜನಿಗೆ ಪೂರ್ತಿ ಸಿಗುತ್ತಿತ್ತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆವತ್ತು ಮಧ್ಯಾಹ್ನ ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ, ಆಮೇಲೆ ಅಷ್ಟನ್ನೇ ಬರೆದೆ. ಇವತ್ತು ಕೇಳಿದರೂ ಅಷ್ಟನ್ನೇ ಬರೆಯುತ್ತೇನೇನೋ.

2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ವಯಸ್ಸಿಗೆ ಆಧಾರ್ ಪುರಾವೆ ಆಗಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರ ನೋಡಿ ಅಂತ ಹೇಳಿತು. ಓದಿ ಖುಷಿಯಾಯ್ತು. ಜೂನ್ 1ರವರಿಗೆ ಒಳ್ಳೆಯದಾಯ್ತು. ಜನವರಿ 1ರವರು ಶಾಲೆಗೇ ಹೋಗಿಲ್ಲವಲ್ಲ.

ನನ್ನ ವರ್ಷ ಮುಗಿದಾಗ ಚಾರ್ಜ್ ತೆಗೆದುಕೊಳ್ಳಲು ಬಂದ ಹುಡುಗ ನನಗಿಂತ ಒಂದು ಬ್ಯಾಚ್ ಚಿಕ್ಕವನು. ಫ್ರಿಜ್ಜು, ಲಸಿಕೆ ಲೆಕ್ಕ, ಹಾವಿನ ವಿಷದ ಇಂಜೆಕ್ಷನ್ ಎಷ್ಟು ಉಳಿದಿದೆ, ಎಲ್ಲ ತೋರಿಸಿದ ಮೇಲೆ ಗಾಜಿನ ಕೆಳಗಿನ ಹಾಳೆ ತೋರಿಸಿ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಚೆನ್ನಾಗಿದೆ ಅಕ್ಕ. ಆದ್ರೆ ಒಬ್ಬೊಬ್ಬರಿಗೆ ಅರ್ಧ ಗಂಟೆ ಆಗುತ್ತಲ್ಲ, ಹೊರಗೆ ನೂರು ಜನ ಇರ್ತಾರೆ. ಜ್ವರದೋರನ್ನ ಯಾರು ನೋಡ್ತಾರೆ?" ಅಂದ. ಸಂತೆ ದಿನ ಬೇಡ, ಗುರುವಾರ ಮಧ್ಯಾಹ್ನ ಜನ ಕಡಿಮೆ, ವಯಸ್ಸಿನವರನ್ನು ಆವತ್ತು ಬರಲು ಹೇಳು ಅಂದೆ. ಗುರುವಾರ ಲಸಿಕೆ ದಿನ ಅಂತ ಸಿಸ್ಟರ್ ಆ ಕಡೆಯಿಂದ ನೆನಪಿಸಿದರು. ಕೊನೆಗೆ ಶುಕ್ರವಾರ ಅಂತ ತೀರ್ಮಾನ ಆಯ್ತು.